ಹುಳ ಹೋದ ಮೇಲಿನ ಒಗೆತ

ಒಗೆಯುವ ಕಲ್ಲಿನ ಮುಂದೆ ತಾನೇ ಬಗ್ಗಿ ನಿಂತ ಮೂರನೇ ದಿನಕ್ಕೆ ಶಿವಲಿಂಗಮ್ಮನಿಗೆ ತನಗೂ ಒಂದು ಸೊಂಟವಿದೆ ಅನ್ನುವುದು ಚೆನ್ನಾಗಿ ಗೊತ್ತಾಯಿತು. ಹದಿನೈದನೇ ದಿನ ಚಕ್ಕುಲಿ ಕಟ್ಟಿಕೊಂಡು ಹಾರೋಹಳ್ಳಿಯಲ್ಲಿ ಕನಕಪುರದ ಬಸ್ಸು ಹತ್ತಿದಳು. ಬೇರೆ ಹೋದ ಹಿರಿಮಗ ನಾಗರಾಜುವನ್ನೂ ಸೊಸೆ ನಯನಾಳನ್ನೂ ಹೇಗಾದರೂ ಮನೆಗೆ ಕರೆತರಬೇಕಿತ್ತು. ಒಗೆಯೋಕೆ ಜನ ಇಲ್ಲ ಅಂತ ಬಂದಳು ಅಂದುಕೊಂಡರೆ ಅಂದುಕೊಳ್ಳಲಿ, ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಮೊಮ್ಮಗಳು ಪುಟ್ಟಿ ಪಕ್ಕದಲ್ಲಿಲ್ಲದೆ ಕೂತು ಉಣ್ಣುವುದು ಒಗೆತಕ್ಕಿಂತ ಕಷ್ಟವಾಗಿತ್ತು.

ಒಂದು ಕಾಲಕ್ಕೆ ಆ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಹುಳಕ್ಕೆ ಹೊರಗಿನ ಸೋಂಕು ತಗುಲಿದರೆ ಇಡೀ ಬೆಳೆ ಹೋದ ಹಾಗೆ. ಅದಕ್ಕೇ ಬೀದಿ ಬಟ್ಟೆಯಲ್ಲಿ ಯಾರೂ ಹೊಸಿಲು ದಾಟಬಾರದು ಅನ್ನುವುದು ಶಿವಲಿಂಗಮ್ಮನ ಕಟ್ಟಳೆ. ಹೊರಗಿನಿಂದ ಬಂದವರು ಹಿತ್ತಲ ಬಚ್ಚಲಲ್ಲಿ ಉಟ್ಟದ್ದು ಬಿಚ್ಚಿ, ಒಗೆದದ್ದು ಉಟ್ಟು ಒಳಗೆ ಬರಬೇಕು. ದಿನಕ್ಕೆ ಎಷ್ಟು ಸಲ ಹೋಗಿ ಬಂದರೂ ಅಷ್ಟು ಸಲ. ಅವಳ ಹುಳದ ಮನೆಗೆ ರೋಗ ಕಾಲಿಡಲಿಲ್ಲ. ಊರವರು ಹೊಗಳಿದರು, ಅವಳೂ ಸಾಕಷ್ಟು ಬೀಗಿದಳು.

ಆಮೇಲೆ ಹಿಪ್ಪುನೇರಳೆ ತೋಟ ಕೈಗಾರಿಕಾ ಪ್ರದೇಶಕ್ಕೆ ಹೋಯಿತು. ಸೊಪ್ಪಿಲ್ಲದೆ ಹುಳ ಸಾಕುವುದು ನಿಂತಿತು. ನಾಗರಾಜು, ಅವನ ತಮ್ಮ ಲೋಕೇಶ ಇಬ್ಬರೂ ಫ್ಯಾಕ್ಟರಿ ಸೇರಿದರು. ಕಟ್ಟಳೆ ಮಾತ್ರ ಮನೆಯಲ್ಲೇ ಉಳಿಯಿತು. ಅದಾದ ಮೇಲೆ ಸೊಸೆಯಾಗಿ ಬಂದ ನಯನಾ ಆ ಮನೆಯಲ್ಲಿ ಒಂದೇ ಒಂದು ಹುಳವನ್ನೂ ನೋಡಿದವಳಲ್ಲ. ಆದರೂ ಆರು ವರ್ಷ ಆ ಇಲ್ಲದ ಹುಳಕ್ಕಾಗಿ ಒಗೆದಳು. ಗ್ರೀಸು ಮೆತ್ತಿದ ಯೂನಿಫಾರ್ಮು, ಮಾವನ ಪಂಚೆ, ಅತ್ತೆಗೆ ದಿನಕ್ಕೆ ಮೂರು ಸೀರೆ, ಮಗುವಿನದಂತೂ ಲೆಕ್ಕಕ್ಕೇ ಇಲ್ಲ.

"ಅತ್ತೆ, ಈಗ ಹುಳ ಇಲ್ವಲ್ಲ. ಒಂದ್ ಸೀರೆ ಎಲ್ಡ್ ದಿನ ಉಟ್ರೆ ಆಗಾಕಿಲ್ವಾ?" ಎಂದು ಒಮ್ಮೆ ಕೇಳಿದ್ದಳು.

"ನಿಮ್ಮವ್ವನ ಮನೇಲಿ ಹಂಗೇನೋ. ಈ ಮನೇಲಿ ಕೊಳೆ ಬಟ್ಟೆ ಉಡಾಕಿಲ್ಲ," ಅಂದಿದ್ದಳು ಶಿವಲಿಂಗಮ್ಮ.

ಒಂದು ಭಾನುವಾರ ನಾಗರಾಜು ಹೆಂಡತಿಯ ಜೊತೆ ಕಂಬಳಿ ಹಿಂಡಲು ಹೋದಾಗ, "ಹೆಂಗುಸ್ರ ಕೆಲ್ಸಕ್ಕೆ ಕೈ ಹಾಕ್ತೀಯೇನ್ಲಾ" ಎಂದು ಅವನನ್ನೂ ಎಬ್ಬಿಸಿ ಕಳಿಸಿದ್ದಳು. ನಯನಾ ಮತ್ತೆ ಬಾಯಿ ಬಿಡಲಿಲ್ಲ. ಬೆರಳ ಸಂದು ಬಿರಿದು ಉಪ್ಪು ಮುಟ್ಟಲಾಗದೆ ಒದ್ದಾಡಿದಾಗಲೂ ಬಿಡಲಿಲ್ಲ. ಸಾಮಾನು ಕಟ್ಟಿ ಹೊರಟ ದಿನವೂ ಜಗಳವಾಡದೆ, "ಸುಸ್ತಾಗೋಗೈತೆ ಅತ್ತೆ" ಅಂದಳು, ಅಷ್ಟೇ.

ಶಿವಲಿಂಗಮ್ಮ ಬಾಡಿಗೆ ಮನೆ ಹುಡುಕಿ ತಲುಪಿದಾಗ ಅಂಗಳದಲ್ಲಿ ಗಂಡ ಹೆಂಡತಿ ಹಾಸಿಗೆಯ ಹೊದಿಕೆಯನ್ನು ಆ ತುದಿ ಈ ತುದಿ ಹಿಡಿದು ಹಿಂಡುತ್ತಿದ್ದರು. ಪುಟ್ಟಿ ಮಗ್ಗಿನಲ್ಲಿ ತನ್ನ ಕಾಲುಚೀಲ ಕುಲುಕುತ್ತಿದ್ದಳು. ಹಿಂಡಿದ ನೀರು ಮುಖಕ್ಕೆ ಸಿಡಿದು ನಯನಾ ಜೋರಾಗಿ ನಕ್ಕಳು. ಆ ನಗು ಶಿವಲಿಂಗಮ್ಮನಿಗೆ ಹೊಸದು.

"ವಾರಕ್ಕೆ ಎಲ್ಡೇ ದಿನ ಕಣವ್ವ," ಅಂದ ನಾಗರಾಜು, ತಾಯಿ ನೋಡುತ್ತಿರುವುದು ಕಂಡು. "ಅವ್ರವ್ರ ಬಟ್ಟೆ ಅವ್ರವ್ರೇ. ದೊಡ್ಡವು ಮಾತ್ರ ಇಬ್ರೂ ಸೇರಿ."

ಇಷ್ಟು ಸುಲಭವಿತ್ತೇ ಅನ್ನಿಸಿತು ಶಿವಲಿಂಗಮ್ಮನಿಗೆ.

ನಯನಾ ಕೈ ಒರೆಸಿಕೊಂಡು ಒಳಗೆ ಹೋದಳು. ಬರುವಾಗ ಕೈಯಲ್ಲಿ ಮಡಿಸಿದ ಸೀರೆಯಿತ್ತು.

"ಬಸ್ನಲ್ಲಿ ಬಂದಿದ್ದೀರಿ, ಬದ್ಲಾಯಿಸ್ಕೊಳಿ ಅತ್ತೆ. ಒಗ್ದಿರೋದೇ."

ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಶಿವಲಿಂಗಮ್ಮ ತಡೆದುಕೊಳ್ಳುತ್ತಿದ್ದಳು.

"ಬ್ಯಾಡ ಬುಡವ್ವ. ಉಟ್ಟಿರೋದೇನೂ ಕೊಳೆಯಾಗಿಲ್ಲ."

ನಯನಾ ಸೀರೆ ಹಿಡಿದುಕೊಂಡೇ ಅತ್ತೆಯನ್ನು ನೋಡಿದಳು. ಅವಳ ಕಣ್ಣು ತುಂಬಿಕೊಂಡಿತು. "ಈ ಮಾತ ಅಲ್ಲೇ ಅಂದಿದ್ರೆ..." ಎಂದವಳು ಪೂರ್ತಿ ಮಾಡದೆ, ಕಾಫಿ ಇಡಲು ಒಳಗೆ ಹೋದಳು.

ಮನೆಗೆ ಬನ್ನಿ ಎಂದು ಶಿವಲಿಂಗಮ್ಮ ಕರೆಯಲಿಲ್ಲ. ಕರೆಯುವ ಮುಖ ತನಗಿಲ್ಲ ಅಂದುಕೊಂಡಳು. ಪುಟ್ಟಿಯ ಕೈಗೆ ಚಕ್ಕುಲಿ ಕೊಟ್ಟು ಮಧ್ಯಾಹ್ನದ ಬಸ್ಸಿಗೇ ಹೊರಟಳು. ಊರು ತಲುಪಿದವಳು ಬಚ್ಚಲ ಕಡೆಗೆ ನಾಲ್ಕು ಹೆಜ್ಜೆ ಹೋಗಿ, ಹಿಂದಕ್ಕೆ ಬಂದು, ಬೀದಿಯ ಸೀರೆಯಲ್ಲೇ ಹೊಸಿಲು ದಾಟಿದಳು. ಗಂಡ ಕೆಂಪಯ್ಯ ತಲೆಯೆತ್ತಿ ನೋಡಿದ. ಅದನ್ನು ನೋಡಬೇಕಾಗಿದ್ದವಳು ಆ ಮನೆಯಲ್ಲಿರಲಿಲ್ಲ.