ಮೊದಲ ಆಲ್ಬಮ್ಮಿನ ಡ್ರಮ್ಮು

"ಕೊನೇ ಸಾಲು ಓದು."

"ಸಾಲೆಲ್ಲಿದೆ ಅಣ್ಣಾ? ಇರುವೆ ಹೋದ ಹಾಗೆ ಕಾಣತ್ತೆ," ಎಂದಳು ತಂಗಿ.

ಕನ್ನಡಕದಂಗಡಿಯ ಅಣ್ಣ ನಕ್ಕು, ಅವಳ ಮೂಗಿನ ಮೇಲೆ ಕೂತಿದ್ದ ಪರೀಕ್ಷೆಯ ಚೌಕಟ್ಟಿಗೆ ಇನ್ನೊಂದು ಗಾಜು ಸಿಕ್ಕಿಸಿದ. ಒಂದು ಕಾಲಕ್ಕೆ ಈ ತಂಗಿ ಕಣ್ಣಿಗೆ ದಪ್ಪಗೆ ಕಪ್ಪು ತೀಡಿಕೊಂಡು, ಮನೆಯ ಇಸ್ತ್ರಿ ಮೇಜಿನ ಮೇಲೆ ಸಿಂಥಸೈಜರ್ ಎಂಬ ವಿದ್ಯುತ್ ಕೀಬೋರ್ಡು ಇಟ್ಟುಕೊಂಡು ಹಾಡುತ್ತಿದ್ದವಳು. ಕಡ್ಡಿ ಎಂದು ಕರೆಸಿಕೊಳ್ಳುತ್ತಿದ್ದ ಗೆಳೆಯ ಗಿಟಾರಿನಲ್ಲಿ ತಗಡು ಗೀರಿದಂಥ ಸದ್ದು ಹೊರಡಿಸುತ್ತಿದ್ದ. ಡ್ರಮ್ಮು ಅಣ್ಣನದು. ಪೋಸ್ಟ್-ಪಂಕ್ ಎಂಬ ರಾಕ್ ಸಂಗೀತದ ಸಿಡುಕು, ಸಿಂಥಸೈಜರಿನ ಸಿಂಥ್-ಪಾಪಿನ ಸಿಹಿ ಎರಡೂ ಒಂದೇ ಹಾಡಿನಲ್ಲಿ ಬೇಕೆಂದು ಮೂವರಿಗೂ ಹಟ. "ನೀರಿನ ಪಂಪು ರಿಪೇರಿ ಆಯ್ತೇನ್ರೋ?" ಎಂದು ಅಮ್ಮ ಅಡುಗೆಮನೆಯಿಂದ ಕೂಗುತ್ತಿದ್ದಳು.

ಮೊದಲ ಆಲ್ಬಮ್ಮಿಗೆಂದು ಸ್ಟುಡಿಯೊಗೆ ಹೋದ ದಿನ, ಅಲ್ಲಿನ ರೆಕಾರ್ಡಿಂಗಿನವನು ಊಟದ ಡಬ್ಬಿಯಷ್ಟಿದ್ದ ಡ್ರಮ್ ಮಷೀನೊಂದನ್ನು ತಂದು ಮೇಜಿನ ಮೇಲಿಟ್ಟ. ಗುಂಡಿ ಒತ್ತಿದರೆ ತಾನೇ ಬಾರಿಸುತ್ತಿತ್ತು, ಬೆವರುವುದಿಲ್ಲ, ದಣಿಯುವುದಿಲ್ಲ. ಒಂದು ಹಾಡು ಬಿಟ್ಟು ಉಳಿದವೆಲ್ಲ ಅದರ ಪಾಲಾದವು. ಅಣ್ಣ ಕೋಲುಗಳನ್ನು ಕಂಕುಳಲ್ಲಿ ಇರುಕಿಕೊಂಡು ಸೋಫಾದ ಮೇಲೆ ಕೂತೇ ಇದ್ದ. ತಂಗಿಯಾಗಲಿ ಕಡ್ಡಿಯಾಗಲಿ ಬೇಡವೆನ್ನಲಿಲ್ಲ.

ಆಲ್ಬಮ್ ಬಂತು. ಅವನು ತಾನು ಬಾರಿಸಿದ ಆ ಒಂದು ಹಾಡನ್ನು ಕೇಳಿ ರೆಕಾರ್ಡಿನ ಮೇಲಿಂದ ಸೂಜಿ ಎತ್ತಿಬಿಡುತ್ತಿದ್ದ. ಉಳಿದದ್ದರ ತಂಟೆಗೆ ಹೋಗಲಿಲ್ಲ. ಮರುವರ್ಷ ಬ್ಯಾಂಡು ಚದುರಿತು. ಅಣ್ಣತಂಗಿ ಮಾತು ಬಿಟ್ಟವರಲ್ಲ. ಆದರೆ ಹಾಡಿನ ಮಾತು ಬಂದರೆ ಅವನು ಎದ್ದು ಬೇರೇನೋ ಕೆಲಸ ಹುಡುಕಿಕೊಳ್ಳುತ್ತಿದ್ದ. ಮುನಿಸು ಅವನ ಜೊತೆಯಲ್ಲೇ ತಲೆ ನರೆಸಿಕೊಂಡಿತು.

"ನಮ್ಮ ಆಲ್ಬಮ್ ಮತ್ತೆ ಹೊರಗೆ ತಂದಿದ್ದಾರೆ ಕಣೋ. ಈಗಿನ ಮಕ್ಕಳು ಹುಡುಕ್ಕೊಂಡು ಕೇಳ್ತಾರಂತೆ," ಎನ್ನುತ್ತಾ ಅಂಗಡಿಯ ಕುರ್ಚಿಯಲ್ಲಿ ಕೂತಿದ್ದ ತಂಗಿ ಮಡಿಲಲ್ಲಿದ್ದ ಫೋನು ಒತ್ತಿಯೇಬಿಟ್ಟಳು. ಅವನ ಎರಡು ಕೈಯೂ ಅವಳ ಕಿವಿಯ ಬಳಿ ಚೌಕಟ್ಟು ಹಿಡಿದಿದ್ದವು. ಎದ್ದು ಹೋಗುವಂತಿರಲಿಲ್ಲ.

ಮಷೀನು ಟಕಟಕನೆ ಶುರುವಾಯಿತು. ಅದರ ಮೇಲೆ ಕಡ್ಡಿಯ ಗಿಟಾರು ಕೆರೆಯಿತು. ಆಮೇಲೆ, ಆಗಿನ್ನೂ ಇಪ್ಪತ್ತು ದಾಟಿರದ ತಂಗಿಯ ದನಿ, ಯಾರಿಗೂ ಸೊಪ್ಪು ಹಾಕದವಳ ದನಿ, ಆ ಮರಗಟ್ಟಿದ ತಾಳದ ಮೇಲೆ ಒಂಟಿಯಾಗಿ ನಡೆದು ಬಂತು. ಅವನು ಚೌಕಟ್ಟು ಹಿಡಿದೇ ಕೇಳಿದ. ಒಂದು ಹಾಡು ಮುಗಿಯಿತು, ಇನ್ನೊಂದು. ನಂತರ ಅವನದೇ ಹಾಡು ಬಂತು.

"ಅಯ್ಯೋ, ಏನಿದು, ನಾಯಿ ಅಟ್ಟಿಸ್ಕೊಂಡು ಬಂದ ಹಾಗೆ ಬಾರಿಸಿದ್ದೀನಿ!"

ತಂಗಿ ನಗು ತಡೆಯಲಾರದೆ ಅಲುಗಿದಳು. ಚೌಕಟ್ಟು ಜಾರಿತು.

"ಅಲುಗಾಡ್ಬೇಡವೇ." ಅವನು ಅದನ್ನು ಮೂಗಿನ ಮೇಲೆ ಸರಿಪಡಿಸಿದ. "ಮಷೀನು ಚೆನ್ನಾಗಿದೆ," ಎಂದ.

ಅವಳ ನಗು ನಿಂತಿತು. "ಆವತ್ತು ನಾನು ಬೇಡ ಅನ್ಬೇಕಿತ್ತು."

"ಅಂದಿದ್ರೆ ಹಾಡು ಕೆಡ್ತಿತ್ತು."

ದಪ್ಪ ಗಾಜಿನ ಹಿಂದೆ ಅವಳ ಕಣ್ಣು ದೊಡ್ಡದಾಗಿ, ಒದ್ದೆಯಾಗಿ ಕಂಡಿತು. ಅಕ್ಷರದ ಹಲಗೆಯ ಕಡೆ ಇಬ್ಬರೂ ನೋಡಲಿಲ್ಲ.

ಮುರಿದ ಕನ್ನಡಕ ಹಿಡಿದ ಗಿರಾಕಿಯೊಬ್ಬರು ಬಾಗಿಲು ತಳ್ಳಿ ಒಳಬಂದರು. ಅಣ್ಣ ಗೋಡೆ ಪಕ್ಕದ ಕುರ್ಚಿ ತೋರಿಸಿದ. ಅವರು ಕೂತು, ಕನ್ನಡಕವನ್ನು ತೊಡೆಯ ಮೇಲಿಟ್ಟುಕೊಂಡು, ಹಾಡು ಮುಗಿಯಲೆಂದು ಕಾದರು.