ಹಸಿರು ಬಾಟಲಿ ಇಲ್ಲದ ಮಿಷನ್ನು

ಯಗಟಿಯ ಲಕ್ಕಣ್ಣನಿಗೆ ತನ್ನ ಮಂದೆಯ ಒಂದೊಂದು ಕುರಿಯ ಮುಖವೂ ಗೊತ್ತು. ಬೇರೆಯವರ ಮಂದೆಯಲ್ಲಿ ಸೇರಿಹೋದ ಮರಿಯನ್ನು ಕೆರೆ ಏರಿಯ ಮೇಲಿಂದಲೇ ಗುರುತು ಹಿಡಿದು, "ಅದು ನಮ್ಮ ಕೆಂಚೀದು ಕಣ್ಲಾ, ಬಿಡು ಅದುನ್ನ" ಎಂದು ಎತ್ತಿಕೊಂಡು ಬರುವ ಆಸಾಮಿ ಅವನು. ಅಂಥವನಿಗೆ ಕಟ್ಟಿಕೊಂಡ ಹೆಂಡತಿಯ ಮುಖ ಮರೆತುಹೋಗುತ್ತಿತ್ತು.

ಪೂರ್ತಿ ಮರೆತಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ. ಕಣ್ಣು ಮುಚ್ಚಿದರೆ ಕರಿಬಸಮ್ಮ ಬರುತ್ತಿದ್ದಳು. ಆದರೆ ಬರುತ್ತಿದ್ದವಳು ಆಸ್ಪತ್ರೆಯ ಕೊನೆಯ ದಿನದ ಕರಿಬಸಮ್ಮ. ತುಟಿ ನೀಲಿಗಟ್ಟಿತ್ತು, ಕೆನ್ನೆ ಬೂದಿಯ ಹಾಗಿತ್ತು. ಒಂದು ಆಯಸ್ಸು ಜೊತೆಗೆ ಬಾಳಿದ ಮುಖವನ್ನೆಲ್ಲ ಆ ಒಂದು ದಿನದ ಮುಖ ನುಂಗಿಕೊಂಡು ಕೂತಿತ್ತು. ಅವಳು ನಗುವಾಗ ಹೇಗೆ ಕಾಣುತ್ತಿದ್ದಳು? ಲಕ್ಕಣ್ಣ ಎಷ್ಟು ತಿಣುಕಿದರೂ ಹೊಳೆಯುತ್ತಿರಲಿಲ್ಲ. ಹುಬ್ಬಿನ ನಡುವೆ ಹಸಿರು ಹಚ್ಚೆಯ ಬೊಟ್ಟಿತ್ತು ಎಂದು ಬಾಯಲ್ಲಿ ಹೇಳಬಲ್ಲ, ಕಣ್ಣಿಗೆ ತಂದುಕೊಳ್ಳಲಾರ. ಇದನ್ನು ಮಗನಿಗಾಗಲಿ ಸೊಸೆಗಾಗಲಿ ಹೇಳಲು ನಾಚಿಕೆಯಾಗಿ, ಕಡೂರಿನಲ್ಲಿ ಬಿ.ಎಡ್. ಓದುತ್ತಿದ್ದ ಮೊಮ್ಮಗಳು ಮಧುಶ್ರೀಯ ಹತ್ತಿರ ಮಾತ್ರ ಒಂದು ಸಲ ಬಾಯಿಬಿಟ್ಟಿದ್ದ.

ಕರಿಬಸಮ್ಮ ಫೋಟೋಕ್ಕೆ ನಿಂತವಳಲ್ಲ. ಕ್ಯಾಮೆರಾ ಕಂಡರೆ ಸೆರಗು ಅಡ್ಡ ಹಿಡಿದು ಓಡುತ್ತಿದ್ದಳು. ಹಿರಿಯರ ಹಬ್ಬದಲ್ಲಿ ಎಡೆ ಇಡುವಾಗ ಹೋದ ವರ್ಷ ಅವಳ ಸೀರೆಯನ್ನೇ ಮಡಿಸಿ ಕಳಸದ ಪಕ್ಕದಲ್ಲಿ ಇಟ್ಟಿದ್ದರು. ಲಕ್ಕಣ್ಣ ಸೀರೆಗೆ ಕೈಮುಗಿದು ಎದ್ದು ಹೋಗಿದ್ದ, ಊಟಕ್ಕೆ ಕೂತಿರಲಿಲ್ಲ.

ಈ ವರ್ಷ ಹಬ್ಬ ಹತ್ತಿರ ಬರುವ ಹೊತ್ತಿಗೆ ಮಧುಶ್ರೀ ಒಂದು ವಿಡಿಯೋ ಹುಡುಕಿ ತಂದಳು. ಅಜ್ಜಂಪುರದ ನಂಟರ ಮದುವೆಯಲ್ಲಿ ಅರಿಸಿನ ಶಾಸ್ತ್ರದ ದಿನ ತ್ರಿವೇಣಿ ಎನ್ನುವ ಹುಡುಗಿ ಫೋನಿನಲ್ಲಿ ತೆಗೆದದ್ದು. ಅದರಲ್ಲಿ ಯಾರೋ ಹಿಂದಿನಿಂದ ಬಂದು ಕರಿಬಸಮ್ಮನ ಕೆನ್ನೆಗೆ ಅರಿಸಿನ ಬಳಿಯುತ್ತಾರೆ. ಅವಳು ತಿರುಗಿ ಬೈಯಲು ಹೋಗಿ ನಕ್ಕುಬಿಡುತ್ತಾಳೆ. ಕಣ್ಣೆವೆ ಬಡಿಯುವಷ್ಟರಲ್ಲಿ ಮುಗಿಯಿತು. ಹತ್ತಿರದ್ದು ಮಂಜಾಗಿ ಕಾಣುವ ಲಕ್ಕಣ್ಣನ ಕಣ್ಣಿಗೆ ಆ ಅಂಗೈಯಗಲದ ಗಾಜಿನಲ್ಲಿ ಏನೋ ಹಳದಿ ಅಲುಗಾಡಿದ್ದಷ್ಟೇ ಕಂಡದ್ದು. ಮಧುಶ್ರೀ ಆ ನಗುವನ್ನು ಹಿಡಿದು ನಿಲ್ಲಿಸಿ ಫೋಟೋ ಮಾಡಿ, ಪೇಟೆಯ ಒಂದು ಸ್ಟುಡಿಯೋಗೆ ಕೊಟ್ಟಳು.

ಸ್ಟುಡಿಯೋದವನು ಕಟ್ಟು ಹಾಕಿಸಿ ಕೊಟ್ಟ ಫೋಟೋದಲ್ಲಿ ಒಬ್ಬ ಬೆಳ್ಳನೆಯ ಹೆಂಗಸಿದ್ದಳು. ಮೈಮೇಲೆ ಜರಿ ಸೀರೆ, ಕೊರಳಲ್ಲಿ ಯಾರದೋ ಹಾರ. ಕೆನ್ನೆಯ ಅರಿಸಿನವೂ ಇಲ್ಲ, ಹುಬ್ಬಿನ ನಡುವಿನ ಹಚ್ಚೆಯೂ ಇಲ್ಲ.

"ಇವ್ಳ್ಯಾರಪ್ಪಾ?" ಎಂದ ಲಕ್ಕಣ್ಣ.

"ನಿಮ್ಮನೆಯೋರೇ ಯಜಮಾನ್ರೇ. ಮುಖದ ಮೇಲೆ ಕಲೆ ಇತ್ತು, ಕ್ಲೀನ್ ಮಾಡಿದೀನಿ."

"ನಮ್ಮೋಳು ಕೊಳಕಾಗಿರ್ಲಿಲ್ಲ ಕಣಪ್ಪ," ಎಂದವನೇ ಫೋಟೋವನ್ನು ಅಲ್ಲೇ ಬಿಟ್ಟು ಹೊರಟುಬಿಟ್ಟ.

ಆ ದಿನವೇ ಮಧುಶ್ರೀ ಮಾತು ತೆಗೆದದ್ದು. "ತಾತ, ನಂಗೆ ಪಾಠದ ಚಾರ್ಟು ಗೀರ್ಟು ಮಾಡಕ್ಕೆ ಹೆಂಗಿದ್ರೂ ಒಂದು ಪ್ರಿಂಟರ್ ಬೇಕೇ ಬೇಕು. ನಮ್ಮನೇಗೇ ತಗಂಬಿಡಾನ. ಅಜ್ಜಿ ಹೆಂಗಿದ್ರೋ ಹಂಗೇ ಬತ್ತಾರೆ. ಯಾರೂ ಮಧ್ಯ ಕೈಯಾಡ್ಸಲ್ಲ."

"ಹಚ್ಚೆ ಬತ್ತದೇನೇ?"

"ಬತ್ತದೆ."

ಹೀಗೆ ಅಜ್ಜ ಮೊಮ್ಮಗಳು ಕಡೂರಿನ ಸಿದ್ದಲಿಂಗೇಶನ ಕಂಪ್ಯೂಟರ್ ಅಂಗಡಿಗೆ ಬಂದು, ಅಜ್ಜಿಯ ಫೋಟೋಗೆ ಪ್ರಿಂಟರ್ ಬೇಕೆಂದರು. ಹೆಗಲ ಮೇಲೆ ಕರಿ ಕಂಬಳಿ ಹೊದ್ದು ಬಂದ ಗಿರಾಕಿಯನ್ನು ಕಂಡು ಸಿದ್ದಲಿಂಗೇಶ ಮೊದಲು ಕುರ್ಚಿ ಹಾಕಿದ, ಆಮೇಲೆ ಟೀ ತರಿಸಿದ, ಆಮೇಲೆ ಒಂದೊಂದೇ ಮಿಷನ್ನು ಇಳಿಸಿದ. ಒಂದು ಅಚ್ಚುಕಟ್ಟಾಗಿತ್ತು, ಆದರೆ ಕಪ್ಪು ಬಿಟ್ಟರೆ ಬೇರೆ ಬಣ್ಣ ಬರುವುದಿಲ್ಲ. ಇನ್ನೊಂದು ಪುಟ್ಟದು, ನೋಡಲು ಮುದ್ದಾಗಿತ್ತು. ಅದರ ಹೊಟ್ಟೆಯೊಳಗೆ ಬಣ್ಣವೆಲ್ಲ ಒಂದೇ ಡಬ್ಬಿಯಲ್ಲಿ, ಮುಚ್ಚಳ ಬೆಸೆದು ಕೂತಿತ್ತು.

ಲಕ್ಕಣ್ಣ ಸಂತೆಗೆ ಬಂದ ಟಗರಿನ ತುಟಿ ಎತ್ತಿ ಹಲ್ಲು ನೋಡುವವನ ಹಾಗೆ ಪ್ರತಿಯೊಂದರ ಮುಚ್ಚಳವನ್ನೂ ಎತ್ತಿ ಇಣುಕಿದ. "ಇದ್ರಾಗೆ ಬಣ್ಣ ಎಷ್ಟೈತೆ ಅಂತ ಗೊತ್ತಾಗದೆಂಗೆ?"

"ಹೊರಗಡೆಯಿಂದ ಕಾಣಲ್ಲ ಯಜಮಾನ್ರೇ. ಒಂದು ಬಣ್ಣ ಮುಗುದ್ರೂ ಇಡೀ ಡಬ್ಬೀನೇ ಎಸ್ದು ಹೊಸದು ಹಾಕ್ಬೇಕು."

"ಒಂದು ಮೊಲೆ ಬತ್ತಿದ್ರೆ ಕುರೀನೇ ಎಸೀತಾರೇನಪ್ಪಾ?"

ಸಿದ್ದಲಿಂಗೇಶನಿಗೆ ನಗು ತಡೆಯಲಾಗಲಿಲ್ಲ. ಅವನು ಮೂರನೆಯದನ್ನು ಇಳಿಸಿದ. ಅದರ ಮುಂದುಗಡೆ ನಾಲ್ಕು ಸಣ್ಣ ಗಾಜಿನಂಥ ಕಿಟಕಿಗಳಿದ್ದವು. ಪ್ರತಿ ಕಿಟಕಿಯ ಹಿಂದೆಯೂ ಒಂದೊಂದು ತೊಟ್ಟಿ. "ಇದು ಟ್ಯಾಂಕ್ ಪ್ರಿಂಟರ್. ಯಾವ ಬಣ್ಣ ಕಮ್ಮಿ ಆಗುತ್ತೋ ಅದ್ನ ಮಾತ್ರ ಬಾಟ್ಲಿಯಿಂದ ಹುಯ್ಕೊಳ್ಳಿ. ಎಷ್ಟೈತೆ ಅಂತ ಕಣ್ಣಿಗೇ ಕಾಣುತ್ತೆ." ಎಂದು ನಾಲ್ಕು ಬಾಟಲಿ ಸಾಲಾಗಿ ಇಟ್ಟ: ಕಪ್ಪು, ನೀಲಿ, ಗುಲಾಬಿ, ಹಳದಿ.

ಲಕ್ಕಣ್ಣ ಬಾಟಲಿಗಳನ್ನು ನೋಡಿದ, ಡಬ್ಬದೊಳಗೆ ಬಗ್ಗಿ ನೋಡಿದ. ಮುಖ ಗಂಟಿಕ್ಕಿತು. "ಹಸುರು ಬಾಟ್ಲಿ ಎಲ್ಲಿ?"

"ಹಸ್ರು ಇರಲ್ಲ ಯಜಮಾನ್ರೇ. ಇವೇ ಸೇರ್ಕೊಂಡು ಹಸ್ರಾಗುತ್ತೆ."

"ಕಂದು? ಮನುಷ್ರ ಮೈಬಣ್ಣ? ಬಿಳೀದು?"

"ಬಿಳೀದು ಪೇಪರ್ರೇ. ಮಿಕ್ಕಿದ್ದೆಲ್ಲ ಈ ನಾಲ್ಕರಲ್ಲೇ."

ಲಕ್ಕಣ್ಣನಿಗೆ ಇದು ಶುದ್ಧ ಟೋಪಿ ಎನಿಸಿತು. ಅವನ ಮನೆತನದಲ್ಲಿ ಕಂಬಳಿಗೆ ಬಣ್ಣ ಅದ್ದಿದವರೇ ಇಲ್ಲ. ಕರಿ ಕಂಬಳಿ ಬೇಕಾದರೆ ಕರಿ ಕುರಿಯ ಉಣ್ಣೆ, ಕಂದು ಪಟ್ಟಿ ಬೇಕಾದರೆ ಕೆಂಚು ಕುರಿಯ ಉಣ್ಣೆ. ಬಣ್ಣವೆನ್ನುವುದು ಹುಟ್ಟಿನಿಂದ ಬರಬೇಕು, ಬಾಟಲಿಯಿಂದ ಬರುವುದಲ್ಲ. "ಹಸುರು ಬಾಟ್ಲಿ ಇಲ್ದಲೇ ಹಚ್ಚೆ ಎಲ್ಲಿಂದ ಬತ್ತದೆ? ನಡಿಯೇ ಮಧೂ" ಎಂದು ಎದ್ದೇಬಿಟ್ಟ.

ಸಿದ್ದಲಿಂಗೇಶನಿಗೂ ಹಟ ಬಂತು. "ಕೂತ್ಕಳಿ ಯಜಮಾನ್ರೇ, ತೋರುಸ್ತೀನಿ. ಆಮೇಲೆ ಬೇಡ ಅನ್ನಿ" ಎಂದು ನಾಲ್ಕೂ ಬಾಟಲಿಗಳಿಂದ ಅರ್ಧರ್ಧ ಸುರಿದ. ಗುಳುಗುಳು ಎನ್ನುತ್ತಾ ಕಿಟಕಿಗಳಲ್ಲಿ ಬಣ್ಣ ಏರಿತು. ಮಿಷನ್ನು ತನ್ನಷ್ಟಕ್ಕೆ ತಾನೇ ಗೊರಗೊರ ಉಸಿರೆಳೆಯಿತು. ಸಣ್ಣ ಕೊಳವೆಗಳಲ್ಲಿ ನಾಲ್ಕು ಬಣ್ಣವೂ ಒಳಗೊಳಗೇ ಹರಿದು ಹೋಗುವುದನ್ನು ಲಕ್ಕಣ್ಣ ಕುರ್ಚಿಯ ತುದಿಯಲ್ಲಿ ಕೂತು ನೋಡಿದ. ಟೀ ಆರಿಹೋಯಿತು.

"ಏನು ಪ್ರಿಂಟ್ ಹಾಕ್ಲಿ? ಅಜ್ಜೀದೇ ಹಾಕ್ಲಾ?" ಎಂದ ಸಿದ್ದಲಿಂಗೇಶ.

"ಬ್ಯಾಡ," ಎಂದ ಲಕ್ಕಣ್ಣ ತಟ್ಟನೆ. "ಅವ್ಳು ಬಂದ್ರೆ ಮನೇಗೆ ಬರ್ಲಿ. ಅಂಗಡೀಲಿ ಬ್ಯಾಡ."

ಮಧುಶ್ರೀಯ ಫೋನಿನಲ್ಲಿ ರಾಗಿ ಹೊಲದ ಬದುವಿನಲ್ಲಿ ಮೇಯುತ್ತಿದ್ದ ಮಂದೆಯ ಫೋಟೋ ಇತ್ತು. ಅದನ್ನೇ ಹಾಕಿದರು. ಬಿಳಿ ಹಾಳೆ ಒಳಗೆ ಹೋಯಿತು. ಮೊದಲು ಆಕಾಶ ಬಂತು, ಆಮೇಲೆ ತೆಂಗಿನ ಸುಳಿ, ಆಮೇಲೆ ರಾಗಿ ಪೈರು. ಹಸಿರಾಗಿ! ಅದೂ ಒಂದೇ ಹಸಿರಲ್ಲ; ತೆಂಗಿನದು ಬೇರೆ, ರಾಗಿಯದು ಬೇರೆ. ಅದರ ನಡುವೆ ಕೆಂಚಿ, ಅದರ ಮಗ್ಗುಲಿಗೆ ಕರಿಯ, ಹುಟ್ಟಿದ ಬಣ್ಣದಲ್ಲೇ ನಿಂತಿದ್ದವು. ಲಕ್ಕಣ್ಣ ಕುರ್ಚಿಯಿಂದ ಎದ್ದು ಬಂದ. ಹಾಳೆ ನೋಡಿದ, ಬಾಟಲಿ ನೋಡಿದ, ಮತ್ತೆ ಹಾಳೆ ನೋಡಿದ. ಎಂಜಲು ಬೆರಳಿನಲ್ಲಿ ರಾಗಿ ಪೈರನ್ನು ಉಜ್ಜಿದ, ಬೆರಳೂ ಹಸಿರಾಯಿತು.

"ಅಯ್ಯೋ, ನೀರು ತಾಗಿಸ್ಬೇಡಿ!" ಎಂದ ಸಿದ್ದಲಿಂಗೇಶ.

"ಇದುನ್ನೇ ಕೊಡಪ್ಪ," ಎಂದ ಲಕ್ಕಣ್ಣ. ಅವನ ದನಿ ಇಳಿದುಹೋಗಿತ್ತು, ಗುಡಿಯಲ್ಲಿ ಮಾತಾಡುವವರ ಹಾಗೆ.

ಸಿದ್ದಲಿಂಗೇಶ ಮಿಷನ್ನನ್ನು ಡಬ್ಬಕ್ಕೆ ತುಂಬಿ, ಉಳಿದರ್ಧ ಬಣ್ಣದ ಬಾಟಲಿಗಳಿಗೆ ಬಿರಡೆ ಹಾಕಿ ಚೀಲದಲ್ಲಿ ಕೊಟ್ಟು, ಮಧುಶ್ರೀಗೆ ಒತ್ತಿ ಒತ್ತಿ ಹೇಳಿದ: "ಟ್ಯಾಂಕ್ ತುಂಬೈತೆ. ಮಟ್ಟವಾಗೇ ತಗೊಂಡ್ಹೋಗಿ. ವಾಲಿಸ್ಬೇಡಿ."

ಹೇಳಿದ್ದೇನೋ ಸರಿ, ಮಧುಶ್ರೀಗೆ ಹೇಳಿದ. ಲಕ್ಕಣ್ಣ ಆ ಹೊತ್ತಿಗೆ ಹೊರಗೆ ಬಿಸಿಲಿನಲ್ಲಿ ನಿಂತು ತನ್ನ ಹಸಿರು ಬೆರಳನ್ನು ನೋಡಿಕೊಳ್ಳುತ್ತಿದ್ದ.

ಯಗಟಿ ಬಸ್ಸು ಉಸಿರಾಡಲು ಜಾಗವಿಲ್ಲದಂತೆ ತುಂಬಿತ್ತು. ಮಧುಶ್ರೀ ಬಾಟಲಿ ಚೀಲ ಹಿಡಿದು ಮುಂದಿನ ಬಾಗಿಲಿನಿಂದ ಹತ್ತಿದಳು. ಡಬ್ಬ ಹೊತ್ತ ಲಕ್ಕಣ್ಣ ಹಿಂದಿನ ಬಾಗಿಲಿಗೆ ಹೋದ. ಕಂಡಕ್ಟರು ಡಬ್ಬ ನೋಡಿ, "ಏನ್ ಯಜಮಾನ, ಮೆರವಣಿಗೆ ಹೊಂಟೈತಾ? ಮೇಲಾಕು ಅದುನ್ನ" ಎಂದು ಗದರಿದ. ಇಂಥದ್ದನ್ನು ಟಾಪಿನ ಮೇಲೆ ಎಸೆಯುವುದೆ? ಲಕ್ಕಣ್ಣ ಡಬ್ಬ ಬಿಚ್ಚಿ ಮಿಷನ್ನನ್ನು ಹೊರಗೆ ತೆಗೆದ. ಬರೀ ಡಬ್ಬ ಟಾಪಿಗೆ ಹೋಯಿತು. ಮಿಷನ್ನು ಕಂಬಳಿಗೆ ಬಂತು. ಅಡವಿಯಲ್ಲಿ ಈದ ಕುರಿಯ ಮರಿಯನ್ನು ಕಂಬಳಿಯ ಜೋಳಿಗೆಯಲ್ಲಿ ಹಾಕಿ ಹೆಗಲಿಗೆ ಏರಿಸಿಕೊಂಡು ಎಷ್ಟು ಸಲ ಬಂದಿಲ್ಲ ಅವನು? ಹಾಗೆಯೇ ಇದನ್ನೂ ಏರಿಸಿಕೊಂಡ. ಹಿರೇನಲ್ಲೂರು ದಾಟುವವರೆಗೂ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತು, ಬಸ್ಸು ಕುಲುಕಿದಾಗಲೆಲ್ಲ ಮಿಷನ್ನಿನ ಬೆನ್ನು ತಟ್ಟಿದ.

ಇಳಿದ ಮೇಲೆ ಮಧುಶ್ರೀ ಅವನ ಹೆಗಲು ನೋಡಿದಳು. "ತಾತಾ! ಅಡ್ಡಡ್ಡ ಹಾಕ್ಕೊಂಡ್ ಬಂದ್ಯಾ?"

"ಯಾಕೇ? ಬಾಯಿ ಹೊರಗೇ ಬಿಟ್ಟಿದ್ದೆ, ಗಾಳಿ ಆಡ್ಲಿ ಅಂತ."

ಕಂಬಳಿ ತಡವಿ ನೋಡಿದಳು. ಒಂದು ಕಡೆ ಒದ್ದೆಯಿತ್ತು, ಬೆವರೋ ಏನೋ ಎನಿಸಿತು. ಕರಿ ಉಣ್ಣೆಯಲ್ಲಿ ಬಣ್ಣದ ಗುರುತು ಎಲ್ಲೂ ಕಾಣಲಿಲ್ಲ. ಬದುಕಿತು ಬಡಜೀವ ಎಂದುಕೊಂಡು ಮನೆಗೆ ನಡೆದಳು.

ಮನೆಯಲ್ಲಿ ನಡುಮನೆಯ ಮೇಜಿನ ಮೇಲೆ ಮಿಷನ್ನು ಕೂತಿತು. ಲಕ್ಕಣ್ಣ ಕಾಲು ತೊಳೆದು ಬಂದು ಅದರ ಮುಂದೆ ನಿಂತ, ಹೆಗಲ ಕಂಬಳಿಯನ್ನೂ ಇಳಿಸಲಿಲ್ಲ. ಮಧುಶ್ರೀ ಫೋನು ಒತ್ತಿದಳು. ಹಾಳೆ ಒಳಗೆ ಹೋಯಿತು. ಬೈತಲೆ ಬಂತು. ನರೆತ ಕೂದಲು ಬಂತು. ಹಣೆ ಬಂತು.

ಲಕ್ಕಣ್ಣ ಎರಡು ಹೆಜ್ಜೆ ಹಿಂದೆ ಸರಿದ.

ಹುಬ್ಬಿನ ನಡುವಿನ ಹಚ್ಚೆ ನೀಲಿಯಾಗಿತ್ತು. ಅದರ ಕೆಳಗೆ ಬಂದ ಕೆನ್ನೆ ನೇರಳೆ ಬೂದು, ತುಟಿ ನೀಲಿ. ಬಾಯಿ ನಗುತ್ತಿತ್ತು, ಆದರೆ ಬಣ್ಣವೆಲ್ಲ ಆಸ್ಪತ್ರೆಯ ಕೊನೆಯ ದಿನದ ಬಣ್ಣ. ಯಾವುದನ್ನು ಕಣ್ಣಿನಿಂದ ಓಡಿಸಬೇಕೆಂದು ಈ ಮಿಷನ್ನನ್ನು ತಂದನೋ ಅದೇ ಮುಖವನ್ನು ಅದು ಮನೆಯೊಳಗೆ ಹೆತ್ತು ಕೊಟ್ಟಿತ್ತು.

"ನಿಲ್ಸೇ," ಎಂದ. "ನಿಲ್ಸು ಅದುನ್ನ. ಸತ್ತೋಗವ್ಳೆ ಅಂತ ನಂಗೊತ್ತು. ಇದೂ ಅದುನ್ನೇ ಹೇಳ್ಬೇಕಾ?"

ಗೋಡೆಗೆ ಒರಗಿ ಕುಸಿದು ಕೂತ. ಸೆಖೆಯೆನಿಸಿ ಕಂಬಳಿಯನ್ನು ಕಿತ್ತು ಪಕ್ಕಕ್ಕೆ ಹಾಕಿದ. ಆಗ ಮಧುಶ್ರೀಯ ಕಣ್ಣು ಅವನ ಬಿಳಿ ಅಂಗಿಯ ಮೇಲೆ ಬಿತ್ತು. ಎಡ ಹೆಗಲಿನಿಂದ ಎದೆಯವರೆಗೆ ಅಂಗಿ ಹಳದಿಯೋ ಹಳದಿ, ಚಪ್ಪರದ ಕೆಳಗೆ ಅರಿಸಿನ ಹಚ್ಚಿ ಕೂರಿಸಿದ ಮದುವೆ ಗಂಡಿನ ಹಾಗೆ.

ಓಡಿಹೋಗಿ ಕಿಟಕಿಗಳನ್ನು ನೋಡಿದಳು. ಕಪ್ಪು ಇತ್ತು, ನೀಲಿ ಇತ್ತು, ಗುಲಾಬಿ ಇತ್ತು. ಜೋಳಿಗೆಯಲ್ಲಿ ಕೆಳಮುಖವಾಗಿದ್ದ ಕೊನೆಯ ಕಿಟಕಿ ಬರಿದು.

"ತಾತ, ಅಳ್ಬೇಡ. ಹಳದಿ ಚೆಲ್ಲೋಗದೆ ಅಷ್ಟೆ. ಪೂರ್ತಿ ನಿನ್ ಮೈಮೇಲೇ ಐತೆ ನೋಡು. ಅದೊಂದಿಲ್ದಿದ್ಕೇ ಅಜ್ಜಿ ಹಂಗಾಗಿರೋದು."

ಲಕ್ಕಣ್ಣ ಬಗ್ಗಿ ಅಂಗಿ ನೋಡಿಕೊಂಡ. ನಂಬಿಕೆ ಬರಲಿಲ್ಲ. ಆದರೂ ಎದ್ದು ಬಂದ. ಮಧುಶ್ರೀ ಚೀಲದಿಂದ ಹಳದಿ ಬಾಟಲಿ ತೆಗೆದು, "ನೀನೇ ಹುಯ್ಯಿ" ಎಂದಳು. ಅವಳ ಕೈಯನ್ನೂ ಆನಿಸಿಕೊಂಡು ಸುರಿದ. ಬರಿದಾದ ಕಿಟಕಿಯಲ್ಲಿ ಹಳದಿ ಮೆಲ್ಲಗೆ ಏರಿತು. ಮಿಷನ್ನು ಗೊರಗೊರ ಎಂದು ಕೊಳವೆ ತೊಳೆದುಕೊಂಡಿತು. ಮುಂದಿನ ಹಾಳೆಯಲ್ಲಿ ಹಳದಿ ಗೆರೆಗೆರೆಯಾಗಿ ಬಿಟ್ಟು ಬಿಟ್ಟು ಬಂತು. ಇನ್ನೊಂದು ಸಲ ತೊಳೆದುಕೊಳ್ಳಲಿ ಎಂದು ಮಧುಶ್ರೀ ಒತ್ತಿದಳು.

ಮತ್ತೆ ಹಾಳೆ ಒಳಗೆ ಹೋಯಿತು. ಬೈತಲೆ ಬಂತು. ನರೆಗೂದಲು ಬಂತು. ಹಣೆ ಬಂದಾಗ ಅದು ಬಿಸಿಲಿಗೆ ಕಂದಿದ ಮೈಯ ಬಣ್ಣದಲ್ಲಿತ್ತು. ಹುಬ್ಬಿನ ನಡುವೆ ಹಸಿರು ಬೊಟ್ಟು. ಯಾವ ಬಾಟಲಿಯಲ್ಲೂ ಇಲ್ಲದ ಹಸಿರು, ಅವಳು ಹುಡುಗಿಯಾಗಿದ್ದಾಗ ಸೂಜಿಯಲ್ಲಿ ಚುಚ್ಚಿಸಿಕೊಂಡ ಹಸಿರು, ಅವನ ಕಣ್ಣೆದುರಿಗೇ ಬಿಳಿ ಹಾಳೆಯ ಮೇಲೆ ಮೂಡುತ್ತಿತ್ತು. ಆಮೇಲೆ ಕಣ್ಣು. ಆಮೇಲೆ ಕೆನ್ನೆ, ಕೆನ್ನೆಯ ಮೇಲೆ ಯಾರೋ ತುಂಟರು ಬಳಿದ ಅರಿಸಿನ. ಆಮೇಲೆ ಬೈಯಲು ತೆರೆದು ನಗುವಾದ ಬಾಯಿ, ಅದರಲ್ಲಿ ಸ್ವಲ್ಪ ಸೊಟ್ಟಗಿದ್ದ ಮುಂದಿನ ಹಲ್ಲು. ಹಲ್ಲು ಸೊಟ್ಟಗಿತ್ತು ಎನ್ನುವುದನ್ನೇ ಅವನು ಮರೆತಿದ್ದ.

"ಬಂದ್ಯೇನೇ," ಎಂದ ಲಕ್ಕಣ್ಣ.

ಹಾಳೆಯನ್ನು ಮುಟ್ಟಲು ಹೋಗಿ ಕೈ ಹಿಂದೆಳೆದುಕೊಂಡ; ಕೈ ಒದ್ದೆಯಿತ್ತು, ಕಣ್ಣು ಒರೆಸಿಕೊಂಡ ಕೈ. ಮಧುಶ್ರೀ ಹಾಳೆಯನ್ನು ಅವನ ಎದುರಿಗೆ ಹಿಡಿದು ನಿಂತಳು. ಬಹಳ ಹೊತ್ತು ನೋಡಿದ ಮೇಲೆ ಲಕ್ಕಣ್ಣ ಹೆದರುತ್ತಾ ಕಣ್ಣು ಮುಚ್ಚಿದ. ಕತ್ತಲಲ್ಲಿ ಅವಳು ತಿರುಗಿದಳು, ಬೈಯಲು ಬಾಯಿ ತೆರೆದಳು, ನಕ್ಕಳು. ಕಣ್ಣು ಬಿಟ್ಟ. ಇನ್ನೊಂದು ಸಲ ಮುಚ್ಚಿ ನೋಡಿದ. ನಗುತ್ತಲೇ ಇದ್ದಳು.

ಮಧುಶ್ರೀ ಅವನ ಅಂಗಿಯ ಗುಂಡಿಗೆ ಕೈ ಹಾಕಿದಳು. "ಬಿಚ್ಕೊಡು ತಾತ, ಇವಾಗ್ಲೇ ನೆನೆ ಹಾಕುದ್ರೆ ಬಿಡುತ್ತೆ."

"ಇರ್ಲಿ ಬಿಡೇ," ಎಂದ ಲಕ್ಕಣ್ಣ, ಹಳದಿ ಹೆಗಲನ್ನು ಒಮ್ಮೆ ಸವರಿಕೊಂಡು. "ನೀ ಮೊದ್ಲು ಆ ಬಾಟ್ಲಿ ಬಿರಡೆ ಗಟ್ಯಾಗಿ ಹಾಕು. ಅರಿಸ್ನ ಮುಗೀಬಾರ್ದು."