ಬಿಸಿಲಲ್ಲಿ ಬೆಳ್ಳಿಯಾದ ಮೇಜು

ಅಪ್ಪ ಸತ್ತ ಮೇಲೆ ಮರಗೆಲಸದ ಅಂಗಡಿಯನ್ನು ನುಂಗಿದ ಚಿಕ್ಕಪ್ಪ, ಅಪ್ಪನ ಮೇಜನ್ನು "ಸೌದೆಗಾಯ್ತು" ಎಂದು ಅಂಗಳಕ್ಕೆ ಎಸೆದಿದ್ದ. ಬಿಸಿಲು ಮಳೆಗೆ ಮರ ಬೆಳ್ಳಿಯ ಬಣ್ಣಕ್ಕೆ ತಿರುಗಿ, ಗೆರೆಗಳು ಅಪ್ಪನ ಕೈನರಗಳಂತೆ ಉಬ್ಬಿದ್ದವು.

ಇವತ್ತು ಗಿರಾಕಿಯೊಬ್ಬರು ಪಾಲಿಶ್ ಮೇಜುಗಳನ್ನೆಲ್ಲ ಬಿಟ್ಟು ಅದನ್ನೇ ಸವರಿದರು. "ಇದೇ ಬೇಕು. ಗಾಡಿ ತರ್ತೀನಿ."

"ನಮ್ಮಣ್ಣನ ನೆನಪು ಸ್ವಾಮಿ, ಜೋಪಾನವಾಗಿ ಇಟ್ಟಿದ್ದೆ" ಎಂದು ಚಿಕ್ಕಪ್ಪ ಹಲ್ಲು ಗಿಂಜಿದ. ನನಗೆ ಮೈಯೆಲ್ಲ ಉರಿಯಿತು.

ಅವರು ಅತ್ತ ಹೋದದ್ದೇ ತಡ, ಚಿಕ್ಕಪ್ಪ ಮೇಜನ್ನು ಒಳಗೆಳೆದು, ಹೊಸದರಂತೆ ಮಾಡಲು ಉಜ್ಜುಗೊರಡು ಹಿಡಿದು ಬೆಳ್ಳಿ ಬಣ್ಣವನ್ನೆಲ್ಲ ಹೆರೆಯತೊಡಗಿದ. ಬೇಡವೆನ್ನಬಹುದಿತ್ತು. ನಾನು ಬಾಯಿ ಬಿಡಲಿಲ್ಲ.

ಗಿರಾಕಿ ಬಂದು ನೋಡಿ, "ಅಯ್ಯೋ, ನಂಗೆ ಬೇಕಿದ್ದಿದ್ದನ್ನೇ ಕೆರೆದು ಹಾಕಿದ್ರಲ್ರೀ!" ಎಂದು ಖಾಲಿ ಗಾಡಿ ತಿರುಗಿಸಿದರು.

"ಲೋ, ನೀನಾದ್ರೂ ಹೇಳ್ಬಾರ್ದಿತ್ತಾ?" ಎಂದ ಚಿಕ್ಕಪ್ಪ.

"ಸೌದೆ ಅಲ್ವಾ ಚಿಕ್ಕಪ್ಪ?"

ಮೇಜನ್ನು ಮತ್ತೆ ಅಂಗಳಕ್ಕೆ ಎಳೆದಿಟ್ಟೆ. ನಾಲ್ಕು ಮಳೆ ಬಿದ್ದರೆ ಮರ ಮತ್ತೆ ಬೆಳ್ಳಿಯಾಗುತ್ತದೆ. ಚಿಕ್ಕಪ್ಪನ ಹೊಟ್ಟೆಯ ಉರಿ ಮಾತ್ರ ಯಾವ ಮಳೆಗೂ ಆರದಿರಲಿ.